ಜೆ. ಪಿ. ಮಾರ್ಗನ್

ಜಾನ್ ಪಿಯರ್‌ಪಾಂಟ್ ಮಾರ್ಗನ್ (ಏಪ್ರಿಲ್ ೧೭, ೧೮೩೭ – ಮಾರ್ಚ್ ೩೧, ೧೯೧೩) ಅಮೆರಿಕದ ಪ್ರಸಿದ್ಧ ಬ್ಯಾಂಕರ್ ಹಾಗೂ ಕಲಾಸಂಗ್ರಾಹಕರು. ರೈಲ್ವೆ, ವಿದ್ಯುತ್ ಮತ್ತು ಉಕ್ಕಿನ ಉದ್ಯಮಗಳಲ್ಲಿ ಬೃಹತ್ ಕಂಪನಿಗಳನ್ನು ರೂಪಿಸಿದ ಇವರು ರೊಸೇಶಿಯಾ ಎಂಬ ಚರ್ಮವ್ಯಾಧಿಯಿಂದ ದೀರ್ಘಕಾಲ ಬಳಲಿದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಾರ್ಗನ್ ಅವರು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಜನಿಸಿದರು. ತಂದೆ ಜೂನಿಯಸ್ ಸ್ಪೆನ್ಸರ್ ಮಾರ್ಗನ್ ಸಹ ಬ್ಯಾಂಕರ್. ೧೮೫೨ರಲ್ಲಿ ಸಂಧಿವಾತ ಜ್ವರಕ್ಕೆ ತುತ್ತಾದ ಬಾಲಕನನ್ನು ಚೇತರಿಕೆಗಾಗಿ ಅಜೋರ್ಸ್ ದ್ವೀಪಗಳಿಗೆ ಕಳುಹಿಸಲಾಯಿತು. ಮುಂದೆ ಸ್ವಿಟ್ಜರ್ಲೆಂಡಿನಲ್ಲಿಯೂ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ೧೮೬೧ರಲ್ಲಿ ವರಿಸಿದ ಅಮೀಲಿಯಾ ಸ್ಟರ್ಜಸ್ ಕೆಲವೇ ತಿಂಗಳಲ್ಲಿ ಕ್ಷಯರೋಗದಿಂದ ತೀರಿಕೊಂಡರು. ೧೮೬೫ರಲ್ಲಿ ಫ್ರಾನ್ಸಿಸ್ ಟ್ರೇಸಿ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ನಾಲ್ವರು ಮಕ್ಕಳು.

ವ್ಯವಹಾರ

೧೮೭೧ರಲ್ಲಿ ಪಾಲುದಾರಿಕೆಯಲ್ಲಿ ಆರಂಭವಾದ ಅವರ ಸಂಸ್ಥೆಗೆ ೧೮೯೫ರಲ್ಲಿ ಜೆ. ಪಿ. ಮಾರ್ಗನ್ ಅಂಡ್ ಕಂಪನಿ ಎಂಬ ಹೆಸರು ಬಂದಿತು. ೧೮೯೨ರಲ್ಲಿ ಜನರಲ್ ಎಲೆಕ್ಟ್ರಿಕ್ ಹಾಗೂ ೧೯೦೧ರಲ್ಲಿ ಯು. ಎಸ್. ಸ್ಟೀಲ್ ಕಂಪನಿಗಳ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ೧೯೦೭ರ ಹಣಕಾಸು ಬಿಕ್ಕಟ್ಟಿನಲ್ಲಿ ನ್ಯೂಯಾರ್ಕಿನ ಬ್ಯಾಂಕರುಗಳನ್ನು ತಮ್ಮ ಗ್ರಂಥಾಲಯದಲ್ಲಿ ಕೂಡಿಸಿ ನೆರವಿಗೆ ಒಪ್ಪಿಸಿದರು.

ಚರ್ಮವ್ಯಾಧಿ

ರೊಸೇಶಿಯಾ ಮುಖದ ಮಧ್ಯಭಾಗವನ್ನು ಕೆಂಪಾಗಿಸಿ, ಗುಳ್ಳೆಗಳನ್ನೂ ಎದ್ದು ಕಾಣುವ ಸೂಕ್ಷ್ಮ ರಕ್ತನಾಳಗಳನ್ನೂ ಉಂಟುಮಾಡುವ ದೀರ್ಘಕಾಲೀನ ವ್ಯಾಧಿ. ಕೆಲವರಲ್ಲಿ, ವಿಶೇಷವಾಗಿ ಪುರುಷರಲ್ಲಿ, ಮೂಗಿನ ಚರ್ಮ ಮತ್ತು ತೈಲಗ್ರಂಥಿಗಳು ಬೆಳೆದು ಮೂಗು ದಪ್ಪವಾಗಿ ಗಂಟುಗಂಟಾಗುತ್ತದೆ. ಇದಕ್ಕೆ ರೈನೊಫೈಮಾ ಎನ್ನುತ್ತಾರೆ. ಮಧ್ಯವಯಸ್ಸಿನ ನಂತರ ಮಾರ್ಗನ್ ಅವರ ಮೂಗು ಹೀಗಾಯಿತು. ಇಂಥ ಮೂಗು ಕುಡಿತದ ಗುರುತೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಮದ್ಯವು ಕೆಲವರಲ್ಲಿ ಮುಖದ ಕೆಂಪನ್ನು ಹೆಚ್ಚಿಸುವುದಾದರೂ ಅದು ಈ ವ್ಯಾಧಿಯ ಮೂಲ ಕಾರಣವಲ್ಲ. ಮದ್ಯ ಮುಟ್ಟದವರಿಗೂ ಇದು ಬರುತ್ತದೆ. ಇದು ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ವ್ಯಂಗ್ಯಚಿತ್ರಕಾರರು ಈ ಮೂಗನ್ನು ಉತ್ಪ್ರೇಕ್ಷಿಸಿ ಚಿತ್ರಿಸುತ್ತಿದ್ದರು. ಮಾರ್ಗನ್ ಅವರು ಛಾಯಾಚಿತ್ರ ತೆಗೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಒಪ್ಪಿದಾಗ ಚಿತ್ರದಲ್ಲಿ ಮೂಗನ್ನು ತಿದ್ದಲಾಗುತ್ತಿತ್ತು. ೧೯೦೩ರಲ್ಲಿ ಎಡ್ವರ್ಡ್ ಸ್ಟೈಕನ್ ಅವರ ಎರಡು ಚಿತ್ರಗಳನ್ನು ತೆಗೆದರು. ಮೊದಲನೆಯದು ಅವರಿಗೆ ಮೆಚ್ಚುಗೆಯಾಯಿತು. ಎರಡನೆಯದರ ಪ್ರತಿಯನ್ನು ಹರಿದುಹಾಕಿದರೆಂದು ಹೇಳಲಾಗುತ್ತದೆ. ಇಂದು ಅವರ ಹೆಸರಿನೊಡನೆ ಹೆಚ್ಚಾಗಿ ಪ್ರಕಟವಾಗುವುದು ಆ ಎರಡನೆಯ ಚಿತ್ರವೇ.

ರೊಸೇಶಿಯಾವನ್ನು ಹತೋಟಿಯಲ್ಲಿಡುವ ಪರಿಣಾಮಕಾರಿ ಔಷಧಗಳು ಆ ಕಾಲದಲ್ಲಿ ಇರಲಿಲ್ಲ. ಈಗಲೂ ಇದು ಪೂರ್ಣ ಗುಣವಾಗುವ ವ್ಯಾಧಿಯಲ್ಲ. ಆದರೆ ಬಿಸಿಲು, ಸೆಕೆ, ಖಾರ, ಮದ್ಯ, ಮಾನಸಿಕ ಒತ್ತಡಗಳಲ್ಲಿ ತಮಗೆ ಕೆರಳಿಸುವುದು ಯಾವುದೆಂದು ಗುರುತಿಸಿ ದೂರವಿಟ್ಟರೆ ಉಪಶಮನ ದೊರೆಯುತ್ತದೆ. ಮೆಟ್ರೊನಿಡಜೋಲ್, ಐವರ್ಮೆಕ್ಟಿನ್ ಲೇಪನಗಳನ್ನೂ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನೂ ವೈದ್ಯರು ಸೂಚಿಸುತ್ತಾರೆ. ಬೆಳೆದ ಮೂಗನ್ನು ಶಸ್ತ್ರಚಿಕಿತ್ಸೆ ಅಥವಾ ಲೇಸರ್‌ನಿಂದ ಸರಿಪಡಿಸಬಹುದು.

ಕಲಾಸಂಗ್ರಹ ಮತ್ತು ನಿಧನ

ತಮ್ಮ ಮುಖದ ಚಿತ್ರವನ್ನು ಸಹಿಸದ ಮಾರ್ಗನ್ ಅವರು ಚಿತ್ರ, ಹಸ್ತಪ್ರತಿ ಮತ್ತು ಅಪೂರ್ವ ಗ್ರಂಥಗಳ ಮಹಾಸಂಗ್ರಾಹಕರಾಗಿದ್ದರು. ೧೯೦೪ರಿಂದ ಕೊನೆಯವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ವಸ್ತುಸಂಗ್ರಹಾಲಯದ ಅಧ್ಯಕ್ಷರಾಗಿದ್ದರು. ೧೯೧೩ರಲ್ಲಿ ರೋಮ್ ನಗರದಲ್ಲಿ ನಿಧನರಾದರು. ಅವರ ಖಾಸಗಿ ಗ್ರಂಥಾಲಯವನ್ನು ಪುತ್ರ ೧೯೨೪ರಲ್ಲಿ ಸಾರ್ವಜನಿಕ ಸಂಸ್ಥೆಯಾಗಿ ಪರಿವರ್ತಿಸಿದರು.