ಬೆಳಕು ಹರಿಯುವ ಮುನ್ನವೇ ತೀರಿಕೊಂಡ ದಿವಾನರು: ಕೆ. ಶೇಷಾದ್ರಿ ಅಯ್ಯರ್



ತುರೋರಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮಗೆಲ್ಲ ಒಂದು ಅನುಭವವಿದೆ. ಟ್ರಾನ್ಸ್‌ಫಾರ್ಮರ್ ಹತ್ತಿರದ ಮನೆಯ ಬಲ್ಬು ಚೆನ್ನಾಗಿ ಉರಿಯುತ್ತದೆ, ಲೈನಿನ ಕೊನೆಯ ಹೊಲದ ಮೋಟಾರು ಮಾತ್ರ ತಿಣುಕುತ್ತದೆ. ಇದೇ ತೊಡಕನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಯೋಜನೆಗೆ ಬೆನ್ನೆಲುಬಾದವರು ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್.

1845ರಲ್ಲಿ ಪಾಲಕ್ಕಾಡ್ ಸೀಮೆಯಲ್ಲಿ ಹುಟ್ಟಿದ ಅವರು 1868ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿದರು. 1883ರಲ್ಲಿ ದಿವಾನರಾಗಿ, 1901ರವರೆಗೆ ಆ ಹೊಣೆ ಹೊತ್ತರು. ಮನೆಮಾತು ತಮಿಳಾದರೂ ದುಡಿದದ್ದು ಕನ್ನಡ ನಾಡಿಗಾಗಿ. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದೂ ಅವರ ಕಾಲದಲ್ಲೇ.

ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಬೇಕಿತ್ತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಿದ್ದಳು. ನಡುವಿನ ತಂತಿಯ ದಾರಿ ಸುಮಾರು 92 ಮೈಲಿ. ಅಷ್ಟು ದೂರ ವಿದ್ಯುತ್ ಸಾಗಿಸುವುದು ಆಗ ಜಗತ್ತಿಗೇ ಹೊಸದು. ಕೈಕೊಟ್ಟರೆ ಸಂಸ್ಥಾನದ ಹಣವೂ ದಿವಾನರ ಹೆಸರೂ ಮುಳುಗುತ್ತಿದ್ದವು. ಎಂಜಿನಿಯರ್ ಲಾಟ್ಬಿನಿಯರ್ ಅವರ ಯೋಜನೆಯನ್ನು ನಂಬಿ ಅವರು ಮುಂದಡಿಯಿಟ್ಟರು.

ನಂಬಿಕೆಗೆ ಆಧಾರವಾದ ತತ್ತ್ವ ಸರಳವಾದದ್ದು. ಟಾರ್ಚಿನ ಸೆಲ್ಲು, ತಂತಿ, ಬಲ್ಬು ಸೇರಿ ಒಂದು ಸುತ್ತು ಪೂರ್ಣವಾದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಸ್ವಿಚ್ ಆ ಸುತ್ತನ್ನು ಕಡಿಯುತ್ತದೆ. ದೂಡುವ ಒತ್ತಡ ವೋಲ್ಟ್, ಹರಿಯುವ ಪ್ರಮಾಣ ಆಂಪಿಯರ್, ದಾರಿಯ ತಡೆ ಓಮ್. ತಂತಿ ಉದ್ದವಾದಷ್ಟೂ ತಡೆ ಹೆಚ್ಚು, ಆ ತಡೆಯಲ್ಲಿ ಶಕ್ತಿ ಬಿಸಿಯಾಗಿ ಸೋರುತ್ತದೆ. ಈ ಸೋರಿಕೆ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಪ್ರವಾಹ ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿ. ಆದ್ದರಿಂದ ವೋಲ್ಟ್ ಏರಿಸಿದರೆ ಕಡಿಮೆ ಪ್ರವಾಹದಲ್ಲೇ ಅಷ್ಟೇ ಶಕ್ತಿ ಸಾಗಿಸಬಹುದು. ಅದಕ್ಕೇ ಶಿವನಸಮುದ್ರದ ತಂತಿಯಲ್ಲಿ 30,000 ವೋಲ್ಟಿನ ಆಸುಪಾಸಿನ ಒತ್ತಡವಿಟ್ಟು, ಗಣಿಯ ಬಳಿ ಇಳಿಸಿ ಬಳಸಿದರು.

1902ರ ಜೂನ್ ಕೊನೆಗೆ ಗಣಿಗೆ ವಿದ್ಯುತ್ ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳೂ ಬೆಳಗಿದವು. ಆದರೆ ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಅವರ ಪ್ರತಿಮೆ ಇಂದಿಗೂ ಕಬ್ಬನ್ ಪಾರ್ಕಿನಲ್ಲಿದೆ.

ಮನೆಯ ಮಕ್ಕಳಿಗೆ ಟಾರ್ಚಿನ ಸೆಲ್ಲು, ಬಲ್ಬು ಕೊಟ್ಟು ಈ ಸುತ್ತನ್ನು ಜೋಡಿಸಲು ಹೇಳಿ. ಮನೆಯ ಪ್ಲಗ್ಗಿನ ತಂಟೆಗೆ ಮಾತ್ರ ಬಿಡಬೇಡಿ. ಬಲ್ಬು ಹೊತ್ತಿದಾಗ ಈ ದಿವಾನರ ಕಥೆಯನ್ನೂ ಕನ್ನಡದಲ್ಲೇ ಹೇಳಿ.