ಅಪ್ಪಣ್ಣನ ಸನಾದಿಗೆ ಉಸಿರು ಕೊಟ್ಟಾಂವ ಕಾಶಿಯ ಬಿಸ್ಮಿಲ್ಲಾ

ಚಿಕ್ಕೋಡಿ: ಸನಾದಿ ಅಂದ ಕೂಡಲೇ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಿರಿಯರ ಬಾಯಿಗೆ ಬರುವ ಹೆಸರು ಅಪ್ಪಣ್ಣ. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಸಿನಿಮಾದ ಅಪ್ಪಣ್ಣ. ಪಾತ್ರ ಮಾಡಿದವರು ಡಾ. ರಾಜಕುಮಾರ್, ನಾಯಕಿ ಜಯಪ್ರದಾ, ನಿರ್ದೇಶನ ವಿಜಯ್, ಸಂಗೀತ ಜಿ.ಕೆ. ವೆಂಕಟೇಶ್. ಕಥೆ ಬರೆದ ಕೃಷ್ಣಮೂರ್ತಿ ಪುರಾಣಿಕರು ನಮ್ಮ ಪಕ್ಕದ ಗೋಕಾಕದಾಗ ಮಾಸ್ತರಿಕೆ ಮಾಡಿದವರು. ಹಿಂಗಾಗಿ ಅಪ್ಪಣ್ಣ ಈ ಭಾಗದ ಮಂದಿಗೆ ಬ್ಯಾರೆ ಊರಿನ ಮನುಷ್ಯ ಅನ್ನಿಸಲೇ ಇಲ್ಲ. ಇಲ್ಲೇ ಎಲ್ಲೋ ಗುಡಿ ಕಟ್ಟೆ ಮ್ಯಾಲೆ ಕುಂತು ಊದುವ ನಮ್ಮವನೇ ಅನ್ನಿಸಿದ.

ಆದರ ತೆರೆಯ ಮ್ಯಾಲೆ ಅಪ್ಪಣ್ಣ ಸನಾದಿ ತುಟಿಗೆ ಹಚ್ಚಿದಾಗ ಕೇಳುವ ನಾದ ರಾಜಕುಮಾರ್ ಅವರದಲ್ಲ. ಅದು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಮುಖ ಒಬ್ಬರದು, ಉಸಿರು ಇನ್ನೊಬ್ಬರದು. ಇಬ್ಬರೂ ಒಂದೇ ವರ್ಷ ಹೋದರು. 2006ರ ಏಪ್ರಿಲ್ 12ಕ್ಕೆ ರಾಜಕುಮಾರ್, ಆಗಸ್ಟ್ 21ಕ್ಕೆ ಬಿಸ್ಮಿಲ್ಲಾ ಖಾನ್.

ಬಿಸ್ಮಿಲ್ಲಾ ಖಾನ್ ಹುಟ್ಟಿದ್ದು 1916ರ ಮಾರ್ಚ್ 21ರಂದು, ಬಿಹಾರದ ಡುಮರಾಂವ್ ಊರಲ್ಲಿ. ಮನೆತನವೇ ಶಹನಾಯಿ ನುಡಿಸುವವರದು. ಅಪ್ಪ ಪೈಗಂಬರ್ ಬಕ್ಷ್ ಡುಮರಾಂವ್ ಅರಸರ ಅರಮನೆಯಲ್ಲಿ ಊದುತ್ತಿದ್ದರು. ಮಗುವಿಗೆ ಇಟ್ಟ ಹೆಸರು ಕಮರುದ್ದೀನ್. ಹುಟ್ಟಿದ ಕೂಸಿನ ಮುಖ ನೋಡಿದ ಅಜ್ಜ ರಸೂಲ್ ಬಕ್ಷ್ ಬಿಸ್ಮಿಲ್ಲಾ ಅಂದರಂತೆ, ಕೊನೆಗೆ ಅದೇ ಹೆಸರು ನಿಂತಿತು. ಇನ್ನೊಂದು ಮಾತು. ಸನಾದಿಯ ತುದಿಗೆ ಸಿಗಿಸುವ ಪೀಪಿ ಒಂದು ಜಾತಿಯ ಜೊಂಡು ಹುಲ್ಲಿನಿಂದ ಆಗುತ್ತದೆ. ಆ ಹುಲ್ಲು ಡುಮರಾಂವ್ ಭಾಗದ ಸೋನ್ ನದಿ ದಂಡೆಯಲ್ಲಿ ಬೆಳೆಯುತ್ತದೆ. ವಾದ್ಯಕ್ಕೆ ಬೇಕಾದ ಹುಲ್ಲೂ ಅದನ್ನ ನುಡಿಸಿದ ಮನುಷ್ಯನೂ ಒಂದೇ ಮಣ್ಣಿನವರು.

ಆರು ವರ್ಷದ ಹುಡುಗನನ್ನ ಕಾಶಿಗೆ ಕಳಿಸಿದರು. ಅಲ್ಲಿ ಸೋದರಮಾವ ಅಲಿ ಬಕ್ಷ್ ವಿಲಾಯತು ವಿಶ್ವನಾಥ ಗುಡಿಯಲ್ಲಿ ಶಹನಾಯಿ ನುಡಿಸುವ ಸೇವೆಯಲ್ಲಿದ್ದರು. ಮುಸಲ್ಮಾನ ಮನೆತನ, ವಿಶ್ವನಾಥನ ಸೇವೆ. ಕಾಶಿಯೊಳಗ ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಹುಡುಗನ ರಿಯಾಜ್ ನಡೆದದ್ದು ಗಂಗೆ ದಂಡೆಯ ಬಾಲಾಜಿ ಗುಡಿಯಲ್ಲಿ. ಗುಡಿಗೆ ಹೋಗಲು ಹಾದಿ ಎರಡಿದ್ದರೂ ಹುಡುಗ ಹಿಡಿಯುತ್ತಿದ್ದದ್ದು ರಸೂಲನ್ ಬಾಯಿ, ಬತೂಲನ್ ಬಾಯಿ ಅನ್ನುವ ಹಾಡುಗಾರ್ತಿ ಅಕ್ಕತಂಗಿಯರ ಮನೆ ಮುಂದಿನ ಹಾದಿಯನ್ನ. ಅವರ ಠುಮ್ರಿ, ಟಪ್ಪಾ ಕಿವಿಗೆ ಬೀಳಲಿ ಅಂತ. ಸಂಗೀತದ ರುಚಿ ಹತ್ತಿದ್ದು ಅವರಿಂದಲೇ ಅಂತ ದೊಡ್ಡವರಾದ ಮೇಲೂ ಖಾನ್‌ಸಾಹೇಬರು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಅಂಥ ಹಾಡುಗಾರ್ತಿಯರ ಹೆಸರನ್ನ ಆಗಿನ ದೊಡ್ಡ ಮಂದಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅನ್ನೋದು ನೆನಪಿರಲಿ.

ಇನ್ನ ಸಿನಿಮಾದ ಹುಚ್ಚು. ಆಗ ಮೂಕಿ ಸಿನಿಮಾದ ದೊಡ್ಡ ತಾರೆ ಸುಲೋಚನಾ. ಥರ್ಡ್ ಕ್ಲಾಸ್ ತಿಕೀಟು ಆರು ಪೈಸೆ. ಮಾವನ ಹತ್ತಿರ ಎರಡು, ಚಿಕ್ಕಮ್ಮನ ಹತ್ತಿರ ಎರಡು, ಅಜ್ಜಿಯ ಹತ್ತಿರ ಎರಡು, ಹಿಂಗ ಕೂಡಿಸಿಕೊಂಡು ಹುಡುಗ ತಾಸುಗಟ್ಟಲೆ ಪಾಳಿ ಹಚ್ಚುತ್ತಿದ್ದ. ಬಾಲಾಜಿ ಗುಡಿಯಲ್ಲಿ ನುಡಿಸಿ ಎಂಟಾಣೆ ಸಿಗಾಕ ಹತ್ತಿದ ಮೇಲಂತೂ ಸುಲೋಚನಾಳ ಹೊಸ ಸಿನಿಮಾ ಒಂದೂ ತಪ್ಪಲಿಲ್ಲ. ಇನ್ನೊಂದು ಖರ್ಚು ಕುಲಸುಮ್ ಅನ್ನುವ ಹೆಣ್ಣುಮಗಳ ಅಂಗಡಿಯ ಕಚೋರಿ. ಕಾದ ತುಪ್ಪದೊಳಗ ಕಚೋರಿ ಬಿಟ್ಟಾಗ ಏಳುವ ಸಪ್ಪಳದಲ್ಲೂ ಸ್ವರದ ಏರಿಳಿತ ಕೇಳಿಸುತ್ತಿತ್ತಂತೆ ಆ ಹುಡುಗನಿಗೆ. ಸಿನಿಮಾ ನೋಡಾಕ ಪೈಸೆ ಕೂಡಿಸುತ್ತಿದ್ದ ಹುಡುಗನ ಉಸಿರನ್ನ ಮುಂದೆ ಸಿನಿಮಾದವರೇ ಬೇಡಿಕೊಂಡು ಬಂದರು. ಅದಕ್ಕಿಂತ ಮೊದಲು ಒಂದು ದೊಡ್ಡ ಗೋಡೆ ದಾಟಬೇಕಿತ್ತು.

ಆ ಗೋಡೆ ಏನು ಅನ್ನೋದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸನಾದಿ ಇಲ್ಲದೆ ಲಗ್ನ ಇಲ್ಲ, ಪಲ್ಲಕ್ಕಿ ಇಲ್ಲ, ಕರಡಿ ಮಜಲು ಇಲ್ಲ. ಚಿಂಚಲಿ ಮಾಯಕ್ಕನ ಜಾತ್ರೆ ಇರಲಿ, ಯಡೂರ ವೀರಭದ್ರನ ಸನ್ನಿಧಿ ಇರಲಿ, ಮಂಗಳವಾದ್ಯ ಬೇಕೇ ಬೇಕು. ಭಜಂತ್ರಿ ಮನೆತನದವರು ಬಂದು ಊದದೇ ಅಕ್ಕಿಕಾಳು ಬೀಳುತ್ತಿರಲಿಲ್ಲ. ಆದರ ಊದುವವರು ಕೂಡುವ ಜಾಗ ಎಲ್ಲಿ? ಹಂದರದ ಹೊರಗ. ಊಟದ ಪಂಕ್ತಿ ಯಾವುದು? ಕಡೇದು. ಉತ್ತರ ಹಿಂದುಸ್ತಾನದಲ್ಲೂ ಅದೇ ಕಥೆ. ಅರಮನೆಯ ಹೆಬ್ಬಾಗಿಲ ಮೇಲಿನ ನೌಬತ್‌ಖಾನೆ ಶಹನಾಯಿಯ ಜಾಗ. ಒಳಗ ದರ್ಬಾರಿನಲ್ಲಿ ಗಾಯಕ, ಬೀನ್‌ಕಾರ, ಸಾರಂಗಿಯವ. ಹೊರಗ ಬಾಗಿಲ ಮ್ಯಾಲೆ ಶಹನಾಯಿಯವ. ಶಕುನಕ್ಕೆ ಬೇಕು, ಸಭೆಗೆ ಬ್ಯಾಡ.

ವಾದ್ಯದ ಕಾರಣವೂ ಒಂದಿತ್ತು. ಪೇಟಿಗೆ ಮನೆ ಗೊತ್ತಿರುತ್ತವೆ, ಒತ್ತಿದರೆ ಸ್ವರ ಬರುತ್ತದೆ. ಸನಾದಿಗೆ ಇರುವುದು ಬರೀ ತೂತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕಂದ್ರ ತೂತನ್ನ ಅರ್ಧ ಮುಚ್ಚಿ, ಕಾಲುಭಾಗ ತೆರೆದು, ಅದರ ಜೊತೆ ಉಸಿರಿನ ಒತ್ತಡವನ್ನೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬೇಕು. ಒಂದು ರಾಗವನ್ನ ಆಲಾಪದಿಂದ ಹಿಡಿದು ತಾಸುಗಟ್ಟಲೆ ಬೆಳೆಸುವುದು ಇದರಲ್ಲಿ ಆಗದ ಮಾತು ಅಂತ ಪಂಡಿತರು ತೀರ್ಮಾನ ಮಾಡಿಬಿಟ್ಟಿದ್ದರು. ಬಿಸ್ಮಿಲ್ಲಾ ಖಾನ್ ಹೊಸ ವಾದ್ಯ ತರಲಿಲ್ಲ, ಇದ್ದ ವಾದ್ಯಕ್ಕೆ ಹೊಸ ಕೀಲಿಯನ್ನೂ ಹಚ್ಚಲಿಲ್ಲ. ವರ್ಷಗಟ್ಟಲೆ ರಿಯಾಜ್ ಮಾಡಿ, ಕಂಠದಿಂದ ಬರುವ ಮೀಂಡ್, ಗಮಕಗಳನ್ನ ಅದೇ ತೂತುಗಳಿಂದ ತೆಗೆದರು. 1937ರಲ್ಲಿ ಕಲಕತ್ತಾದ ಸಂಗೀತ ಸಮ್ಮೇಳನದಲ್ಲಿ ಅವರು ನುಡಿಸಿದ ಮೇಲೆ ಶಹನಾಯಿಗೆ ವೇದಿಕೆಯ ನಡುವೆ ಜಾಗ ಸಿಕ್ಕಿತು. ಮುಂದೆ ಸಿತಾರ್, ಪಿಟೀಲಿನ ದೊಡ್ಡ ಕಲಾವಿದರ ಜೊತೆ ಸರಿಸಮನಾಗಿ ಕುಂತು ಜುಗಲಬಂದಿ ನುಡಿಸಿದರು.

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರ ಆದಾಗ ದಿಲ್ಲಿಯ ಕೆಂಪು ಕೋಟೆಯಲ್ಲಿ ಅವರ ಶಹನಾಯಿ. 1950ರ ಜನವರಿ 26ಕ್ಕೆ ಗಣರಾಜ್ಯ ಆದಾಗಲೂ ಅವರದೇ, ರಾಗ ಕಾಫಿ. ಹೆಬ್ಬಾಗಿಲ ಮ್ಯಾಲಿನ ವಾದ್ಯ ದೇಶದ ಹೊಸ್ತಿಲಿಗೆ ಬಂತು.

ಸಿನಿಮಾದ ಮಾತಿಗೆ ಬರೋಣ. 1958ರಲ್ಲಿ ಸತ್ಯಜಿತ್ ರಾಯ್ ಅವರ ಬಂಗಾಳಿ ಸಿನಿಮಾ ‘ಜಲಸಾಘರ್’ನಲ್ಲಿ ಖಾನ್‌ಸಾಹೇಬರು ಸ್ವತಃ ಕಾಣಿಸಿಕೊಂಡರು. ಮರುವರ್ಷ, 1959ರಲ್ಲಿ, ವಿಜಯ್ ಭಟ್ ನಿರ್ದೇಶನದ ಹಿಂದಿ ಸಿನಿಮಾ ‘ಗೂಂಜ್ ಉಠೀ ಶಹನಾಯಿ’. ಇದರಲ್ಲಿ ನಾಯಕನೇ ಶಹನಾಯಿ ಕಲಾವಿದ, ಹೆಸರು ಕಿಶನ್, ಪಾತ್ರ ರಾಜೇಂದ್ರ ಕುಮಾರ್ ಅವರದು. ಕಿಶನ್ ಊದಿದ್ದೆಲ್ಲ ಬಿಸ್ಮಿಲ್ಲಾ ಖಾನ್ ಊದಿದ್ದು. ಇದರ ಸಂಗೀತ ನಿರ್ದೇಶಕ ವಸಂತ ದೇಸಾಯಿ ಕೊಂಕಣ ಸೀಮೆಯವರು. ನಿಪ್ಪಾಣಿಯಿಂದ ತಾಸಿನ ಹಾದಿಯ ಕೊಲ್ಹಾಪುರದಲ್ಲಿ 1929ರಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಕೆಲಸ ಕಲಿತವರು. ಸಿನಿಮಾ ಗೆದ್ದಿತು. ಶಹನಾಯಿ ಅಂದ್ರ ಲಗ್ನ ಅಷ್ಟೇ ಅಲ್ಲ, ವಿರಹಕ್ಕೂ ಅದೇ ವಾದ್ಯ ಅನ್ನೋದು ದೇಶದ ತುಂಬಾ ಗೊತ್ತಾತು.

ಅದಾಗಿ ಹದಿನೆಂಟು ವರ್ಷಕ್ಕೆ ಕನ್ನಡದ ‘ಸನಾದಿ ಅಪ್ಪಣ್ಣ’. ಹಿಂದಿಯ ಕಿಶನ್ ಒಳ್ಳೆಯ ಪಾತ್ರವೇ, ಆದರ ಅವನು ಸಿನಿಮಾದ ನಾಯಕನಂತೆಯೇ ಇದ್ದ. ಅಪ್ಪಣ್ಣ ಹಂಗಲ್ಲ. ಅವನ ರುಮಾಲು, ಅವನ ಕುಂತ ಭಂಗಿ, ಊರ ಹಿರಿಯರ ಮುಂದೆ ಅವನ ತಗ್ಗಿದ ಹೆಗಲು, ಇವೆಲ್ಲ ಹಳ್ಳಿಯ ನಿಜವಾದ ಸನಾದಿಯವರದು. ಗುಬ್ಬಿ ಕಂಪನಿಯ ರಂಗದಿಂದ ಬಂದ, ಸ್ವತಃ ಹಾಡುಗಾರರಾದ ರಾಜಕುಮಾರ್‌ಗೆ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನೋದು ಗೊತ್ತಿತ್ತು. ಗಲ್ಲ ಉಬ್ಬುವ ಹೊತ್ತು, ಬೆರಳು ಏಳುವ ಹೊತ್ತು ನಾದಕ್ಕೆ ಕೂಡಿಕೊಂಡೇ ಹೋಗುತ್ತವೆ. ಎಸ್. ಜಾನಕಿ ಹಾಡಿ ಜಯಪ್ರದಾ ಕುಣಿಯುವ ಹಾಡಿನಲ್ಲಂತೂ ಹೆಣ್ಣುದನಿಯ ಬೆನ್ನು ಹತ್ತಿ ಶಹನಾಯಿ ಓಡುವುದನ್ನ ಕೇಳಿದರೆ ಇಬ್ಬರು ಗಾಯಕರ ಸವಾಲು ಜವಾಬು ಕೇಳಿದಂಗ ಆಗುತ್ತದೆ. ಕಾಶಿ ವಿಶ್ವನಾಥನ ಮುಂದೆ ಪಳಗಿದ ಉಸಿರು ಕನ್ನಡದ ಹಳ್ಳಿಯ ಬಡ ಕಲಾವಿದನೊಬ್ಬನ ಎದೆಯಿಂದ ಬಂತು. ಭಾಷೆ ಬಾರದ ಆ ಹಿರಿಯರಿಗೆ ಅಪ್ಪಣ್ಣನ ಕಷ್ಟ ಪರಕೀಯ ಅನ್ನಿಸಿರಲಿಕ್ಕಿಲ್ಲ. ಬಾಗಿಲ ಹೊರಗ ಕುಂತು ಊದುವುದು ಅವರ ಮನೆತನಕ್ಕೆ ತಲೆಮಾರಿನಿಂದ ಗೊತ್ತಿದ್ದ ಸಂಗತಿ.

ಸಿನಿಮಾ ಜಗತ್ತಿನಲ್ಲಿ ಅವರು ಬೇರು ಬಿಡಲಿಲ್ಲ. ಕರೆ ಬಂದಾಗ ಹೋಗಿ ನುಡಿಸಿ, ಮತ್ತೆ ಕಾಶಿಗೆ. ಅಫ್ಘಾನಿಸ್ತಾನ, ಯುರೋಪ್, ಅಮೆರಿಕ ಎಲ್ಲ ನೋಡಿದರೂ ಉಳಿಯುವುದು ಮಾತ್ರ ಕಾಶಿಯೊಳಗ. ಅಮೆರಿಕದಾಗ ನೆಲೆ ನಿಲ್ಲಲು ಕರೆದವರಿಗೆ, ಅಲ್ಲಿಗೆ ಗಂಗೆಯನ್ನ ತರ್ತೀರೇನು ಅಂತ ಕೇಳಿ ಕಳಿಸಿದರು ಅನ್ನುವ ಕಥೆ ಬಹಳ ಮಂದಿ ಕೇಳ್ಯಾರ. ಕಾಶಿಗೆ ಹೋಗಿ ಜಂಗಮವಾಡಿ ಮಠದಾಗ ಉಳಿದು ಬರುವ ನಮ್ಮ ಕಡೆಯ ಯಾತ್ರಿಕರಿಗೆ ಅವರ ಓಣಿ ದೂರವೇನಿಲ್ಲ. ಸಣ್ಣ ಕೋಣೆ, ಹಗ್ಗದ ಮಂಚ, ಓಡಾಡಲು ಸೈಕಲ್ ರಿಕ್ಷಾ. ಮನೆ ತುಂಬ ಮಂದಿ, ಬಂದದ್ದು ಬಂದಂಗ ಖರ್ಚು. ಕೊನೆಗಾಲದಾಗ ಹಣದ ಅಡಚಣೆ ಬಿಟ್ಟಿದ್ದಿಲ್ಲ.

ಪದ್ಮಶ್ರೀ 1961ರಲ್ಲಿ, ಪದ್ಮಭೂಷಣ 1968ರಲ್ಲಿ, ಪದ್ಮವಿಭೂಷಣ 1980ರಲ್ಲಿ ಬಂದವು. 2001ರಲ್ಲಿ ಲತಾ ಮಂಗೇಶ್ಕರ್ ಜೊತೆಗೇ ಭಾರತರತ್ನ. ಅಷ್ಟಾದರೂ ಹರಿದ ಲುಂಗಿ ಉಟ್ಟೇ ಬಂದವರನ್ನ ಮಾತಾಡಿಸುತ್ತಿದ್ದರು. ಶಿಷ್ಯೆಯೊಬ್ಬರು ಆಕ್ಷೇಪ ತೆಗೆದಾಗ, ಭಾರತರತ್ನ ಸಿಕ್ಕದ್ದು ಶಹನಾಯಿಗೆ, ಲುಂಗಿಗಲ್ಲ; ಲುಂಗಿ ಇಂದು ಹರಿದರೆ ನಾಳೆ ಹೊಲೀಬಹುದು, ದೇವರು ಹರಿದ ಸ್ವರ ಕೊಡದಿದ್ದರೆ ಸಾಕು ಅಂತ ನಕ್ಕುಬಿಟ್ಟರಂತೆ.

ಇಲ್ಲೊಂದು ನೋವಿನ ಮಾತೂ ಐತಿ. ಖಾನ್‌ಸಾಹೇಬರ ಶಹನಾಯಿ ತಟ್ಟೆ, ಕ್ಯಾಸೆಟ್ಟು, ಸಿ.ಡಿ. ಆಗಿ ಊರೂರು ಮುಟ್ಟಿತು. ನಿಪ್ಪಾಣಿ, ಚಿಕ್ಕೋಡಿ ಪ್ಯಾಟಿಯಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಮೊಬೈಲಿನಾಗ ಶಹನಾಯಿ ಹಚ್ಚುವ ವ್ಯಾಪಾರಸ್ಥರು ಇವತ್ತೂ ಅದಾರ. ಕಾರ್ಯಾಲಯದ ಲಗ್ನಗಳಲ್ಲಿ ಸ್ಪೀಕರ್‌ನಿಂದ ಬರುವುದೂ ಬಹಳ ಸಲ ಅವರದೇ ನಾದ. ಅಷ್ಟು ದೊಡ್ಡ ಕಲಾವಿದ ಪೆನ್‌ಡ್ರೈವ್‌ನಾಗ ಪುಕ್ಕಟೆ ಸಿಗುವಾಗ ಊರ ಸನಾದಿಯವರನ್ನ ಹೇಳಿ ಕರೆಸುವವರು ಯಾರು? ವರಾತಕ್ಕೆ ಬೆಂಜೋ ಬಂತು, ಬ್ಯಾಂಡ್ ಬಂತು, ಅದರ ಹಿಂದೆ ಡಿಜೆ ಬಂತು. ಹಂದರದ ಹೊರಗಾದರೂ ಇದ್ದ ಒಂದು ಜಾಗ, ಅದೂ ಹೋತು. ಬಾಗಿಲಿನವರನ್ನ ಸಭೆಗೆ ಒಯ್ದವರು ಬಿಸ್ಮಿಲ್ಲಾ; ಅವರ ನಾದವನ್ನ ಯಂತ್ರದಾಗ ತುಂಬಿಕೊಂಡು ಬಾಗಿಲಿನವರನ್ನ ಮನೆಗೆ ಕಳಿಸಿದವರು ಉಳಿದ ನಾವೆಲ್ಲರೂ. ಸಪ್ಪಳ ಸಾಕಾಗಿ ಲಗ್ನಕ್ಕೆ ಮತ್ತೆ ಸನಾದಿಯವರನ್ನ ಹುಡುಕಿ ಕರೆಸುವ ಮನೆಗಳೂ ಅಲ್ಲಲ್ಲಿ ಅದಾವು, ಅದನ್ನೂ ಹೇಳಬೇಕು.

ಮೊಹರಂನಲ್ಲಿ ಎಲ್ಲ ಜಾತಿಯವರೂ ಕೂಡಿ ಪಂಜಾ ಹೊರುವ ಅಥಣಿ, ರಾಯಬಾಗ ಹಳ್ಳಿಗಳ ಮಂದಿಗೆ ಖಾನ್‌ಸಾಹೇಬರ ಇನ್ನೊಂದು ಪದ್ಧತಿ ತಿಳಿಯುವಂಥದ್ದು. ಮೊಹರಂ ಶೋಕದ ದಿನಗಳಲ್ಲಿ ಅವರು ಕಛೇರಿ ಮಾಡುತ್ತಿರಲಿಲ್ಲ, ರಾಗ ನುಡಿಸುತ್ತಿರಲಿಲ್ಲ. ಎಂಟನೆಯ ದಿನ ಮಾತ್ರ ಶಹನಾಯಿ ಹಿಡಿದು, ದಾಲ್‌ಮಂಡಿಯಿಂದ ಫಾತಮಾನ್ ತನಕ ಸುಮಾರು ಎಂಟು ಕಿಲೋಮೀಟರ್, ಹುಸೇನರ ಶೋಕಗೀತೆ ಊದುತ್ತಾ ಬರಿಗಾಲಿನ ಮಂದಿಯ ಜೊತೆ ನಡೆಯುತ್ತಿದ್ದರು. ದೇಶದ ಅತಿ ದೊಡ್ಡ ಕಲಾವಿದ ಆ ದಿನ ಕುಂತು ನುಡಿಸುತ್ತಿರಲಿಲ್ಲ, ನಿಂತು ನುಡಿಸುತ್ತಿದ್ದ. ಕಣ್ಣಾಗ ನೀರು.

ದಿಲ್ಲಿಯ ಇಂಡಿಯಾ ಗೇಟ್ ಮುಂದೆ ಹುತಾತ್ಮ ಸೈನಿಕರಿಗಾಗಿ ಒಮ್ಮೆ ನುಡಿಸಬೇಕು ಅನ್ನುವ ಆಸೆ ಅವರಿಗಿತ್ತು. ಅದು ಕೈಗೂಡಲಿಲ್ಲ. 2006ರ ಆಗಸ್ಟ್ 21ರ ನಸುಕಿನಲ್ಲಿ ಕಾಶಿಯ ಆಸ್ಪತ್ರೆಯಲ್ಲಿ ಹೃದಯ ನಿಂತಿತು. ವಯಸ್ಸು ತೊಂಬತ್ತು. ಸರ್ಕಾರಿ ಗೌರವದೊಂದಿಗೆ, ವರ್ಷಾ ವರ್ಷ ಊದುತ್ತಾ ನಡೆದು ಹೋಗುತ್ತಿದ್ದ ಅದೇ ಫಾತಮಾನ್‌ಗೆ ಒಯ್ದು, ಬೇವಿನ ಗಿಡದ ಕೆಳಗೆ ಮಣ್ಣು ಕೊಟ್ಟರು. ಅವರ ಸಂಗಾಟ ಒಂದು ಶಹನಾಯಿಯನ್ನೂ ಇಟ್ಟರು.