ಶಾಸನಕರ್ತ ಸೋಲನ್

ಪ್ರಾಚೀನ ಗ್ರೀಸ್ ಒಬ್ಬ ಚಕ್ರವರ್ತಿಯ ಆಳಿಕೆಗೆ ಒಳಪಟ್ಟ ಏಕರಾಜ್ಯವಾಗಿರಲಿಲ್ಲ. ಬೆಟ್ಟಗಳೂ ಕಡಲಿನ ಕೊಲ್ಲಿಗಳೂ ಆ ನಾಡನ್ನು ನೂರಾರು ತುಂಡುಗಳಾಗಿ ಕತ್ತರಿಸಿದ್ದುವು. ಒಂದೊಂದು ಬಯಲಿಗೂ ಒಂದೊಂದು ನಗರ. ಆ ನಗರಕ್ಕೆ ಅದರದೇ ಆದ ಹೊಲತೋಟಗಳು, ಅದರದೇ ಆದ ದೇವತೆ, ಅದರದೇ ಆದ ಕಾನೂನು, ಅದರದೇ ಆದ ಸೈನ್ಯ. ಇಂತಹ ಪುಟ್ಟ ರಾಜ್ಯಗಳನ್ನು ನಗರರಾಜ್ಯಗಳೆಂದು ಕರೆಯುವುದು ವಾಡಿಕೆ. ಅವುಗಳಲ್ಲಿ ಒಂದಾದ ಅಥೆನ್ಸ್ ಮುಂದೆ ಪ್ರಜಾಪ್ರಭುತ್ವದ ತವರೆಂದು ಹೆಸರು ಪಡೆಯಿತು. ಆದರೆ ಕ್ರಿ. ಪೂ. ಏಳನೆಯ ಶತಮಾನದ ಅಥೆನ್ಸನ್ನು ಕಂಡವರು ಯಾರೂ ಅದಕ್ಕೆ ಅಂತಹ ಭವಿಷ್ಯವುಂಟೆಂದು ಊಹಿಸುವಂತಿರಲಿಲ್ಲ.

ಆಗ ಅಲ್ಲಿ ಅಧಿಕಾರವೆಲ್ಲವೂ ಕೆಲವು ಕುಲೀನ ಮನೆತನಗಳ ಕೈಯಲ್ಲಿತ್ತು. ವರ್ಷಕ್ಕೊಮ್ಮೆ ಆರಿಸಲ್ಪಡುತ್ತಿದ್ದ ಆರ್ಕನ್ ಎಂಬ ಒಂಬತ್ತು ಅಧಿಕಾರಿಗಳೂ ಆ ಮನೆತನಗಳವರೇ. ಅವಧಿ ಮುಗಿದ ಮೇಲೆ ಅವರು ಹೋಗಿ ಸೇರುತ್ತಿದ್ದ ಆರಿಯೋಪಾಗಸ್ ಎಂಬ ಹಿರಿಯರ ಸಭೆಯೂ ಅವರದೇ. ಫಲವತ್ತಾದ ನೆಲ ಅವರಿಗೆ ಸೇರಿತ್ತು. ಬಡ ಒಕ್ಕಲಿಗನು ಒಡೆಯನ ನೆಲವನ್ನು ಉತ್ತು, ಬೆಳೆದುದರಲ್ಲಿ ಆರನೆಯ ಒಂದು ಪಾಲನ್ನು ಒಪ್ಪಿಸಬೇಕಾಗಿತ್ತೆಂದು ಪ್ಲೂಟಾರ್ಕ್ ಎಂಬ ಚರಿತ್ರಕಾರನು ಬರೆದಿದ್ದಾನೆ. ಮಳೆ ಕೈಕೊಟ್ಟ ವರ್ಷ ಸಾಲ ಅನಿವಾರ್ಯ. ಸಾಲಕ್ಕೆ ಒತ್ತೆಯಾಗಿ ಇಡಲು ನೆಲವಿಲ್ಲದವನು ತನ್ನ ದೇಹವನ್ನೇ ಒತ್ತೆಯಿಡುತ್ತಿದ್ದನು. ಸಾಲ ತೀರದಿದ್ದರೆ ಅವನೂ ಅವನ ಮಕ್ಕಳೂ ಸಾಲಿಗನ ದಾಸರು. ಅವರನ್ನು ಪರದೇಶಕ್ಕೆ ಮಾರಿಬಿಡುವುದಕ್ಕೂ ಕಾನೂನಿನ ಅಡ್ಡಿಯಿರಲಿಲ್ಲ. ಒತ್ತೆಬಿದ್ದ ಹೊಲಗಳಲ್ಲಿ ಅದರ ಗುರುತಾಗಿ ಕಲ್ಲುಗಳು ನಿಂತಿದ್ದುವು.

ಇಂತಹ ನಾಡಿನಲ್ಲಿ ಅಸಮಾಧಾನ ಹೊಗೆಯಾಡದೆ ಇರುವುದೆಂತು? ಕ್ರಿ. ಪೂ. 632ರ ಸುಮಾರಿನಲ್ಲಿ ಸೈಲನ್ ಎಂಬ ಶ್ರೀಮಂತ ತರುಣನು ಕೋಟೆಯನ್ನು ಹಿಡಿದು ಸರ್ವಾಧಿಕಾರಿಯಾಗಲು ಯತ್ನಿಸಿ ವಿಫಲನಾದನು. ಸುಮಾರು 621ರಲ್ಲಿ ಡ್ರಾಕೋ ಎಂಬಾತನು ಅಲ್ಲಿಯವರೆಗೆ ಬಾಯಿಮಾತಿನಲ್ಲಿದ್ದ ಕಾನೂನನ್ನು ಬರವಣಿಗೆಗೆ ಇಳಿಸಿದನು. ಬರೆದಿಟ್ಟ ಕಾನೂನನ್ನು ನ್ಯಾಯಾಧಿಪತಿ ತನ್ನ ಇಚ್ಛೆಯಂತೆ ತಿರುಚಲಾರನೆಂಬುದು ನಿಜ. ಆದರೆ ಆ ಕಾನೂನಾದರೋ ಕಾಯಿಪಲ್ಯ ಕದ್ದವನಿಗೂ ಮರಣದಂಡನೆ ವಿಧಿಸುವಂತಹುದು. ಸಾಲಗಾರನ ಸಂಕಟಕ್ಕೆ ಅದರಲ್ಲಿ ಪರಿಹಾರ ದೊರೆಯಲಿಲ್ಲ.

ಸೋಲನ್ ಬೆಳೆದುದು ಈ ದಿನಗಳಲ್ಲಿ. ಅವನು ಹುಟ್ಟಿದ್ದು ಕ್ರಿ. ಪೂ. 630ರ ಆಸುಪಾಸಿನಲ್ಲಿ. ತಂದೆಯಾದ ಎಕ್ಸೆಸೆಸ್ಟಿಡೀಸನದು ಹಳೆಯ ರಾಜವಂಶದ ಹೆಸರು ಹೇಳಿಕೊಳ್ಳುತ್ತಿದ್ದ ಮನೆತನ. ಆದರೆ ಕೊಡುಗೈ ದಾನಿಯಾಗಿದ್ದ ಆತನು ಆಸ್ತಿಯ ಬಹುಭಾಗವನ್ನು ಕರಗಿಸಿಬಿಟ್ಟಿದ್ದನಂತೆ. ಇತರರಿಗೆ ಕೊಟ್ಟ ಮನೆಯವನು ಇತರರಲ್ಲಿ ಕೈಯೊಡ್ಡಲು ನಾಚಿ, ಸೋಲನನು ಹಡಗನ್ನೇರಿ ವ್ಯಾಪಾರಕ್ಕೆ ಹೊರಟನು. ಕುಲದಲ್ಲಿ ಮೇಲಿನವನು, ಸಂಪತ್ತಿನಲ್ಲಿ ನಡುವಿನವನು. ಎರಡು ಕಡೆಯವರ ಮಾತೂ ಅವನ ಕಿವಿಗೆ ಬೀಳುತ್ತಿತ್ತು. ಜತೆಗೆ ಅವನು ಕವಿ. ಗದ್ಯಬರಹವಿನ್ನೂ ರೂಢಿಗೆ ಬಾರದಿದ್ದ ಆ ಕಾಲದಲ್ಲಿ ರಾಜಕೀಯವನ್ನೂ ಅವನು ಪದ್ಯದಲ್ಲಿಯೇ ನುಡಿದನು.

ಅವನ ಹೆಸರು ಜನಜನಿತವಾದುದೂ ಒಂದು ಪದ್ಯದಿಂದಲೇ. ಅಥೆನ್ಸಿನ ಎದುರಿಗೇ ಇರುವ ಸಾಲಮಿಸ್ ದ್ವೀಪಕ್ಕಾಗಿ ನೆರೆಯ ಮೆಗಾರ ನಗರದೊಡನೆ ಬಹುಕಾಲ ಯುದ್ಧ ನಡೆದಿತ್ತು. ಸೋತು ಬೇಸತ್ತ ಅಥೆನ್ಸಿನವರು, ಆ ದ್ವೀಪದ ಮಾತೆತ್ತಿದವರಿಗೆ ಮರಣದಂಡನೆಯೆಂದು ಕಟ್ಟಳೆ ಮಾಡಿದರು. ಸೋಲನನು ಹುಚ್ಚನಂತೆ ನಟಿಸಿ, ತಲೆಗೆ ಟೊಪ್ಪಿಗೆ ಧರಿಸಿ ಪೇಟೆಯ ಚೌಕಕ್ಕೆ ಓಡಿಬಂದು, ಸಾರುವವನು ನಿಲ್ಲುವ ಕಲ್ಲಿನ ಮೇಲೆ ನಿಂತು, ತಾನು ರಚಿಸಿದ್ದ ನೂರು ಸಾಲುಗಳ ಪದ್ಯವನ್ನು ಹಾಡಿದನೆಂದು ಕಥೆ. ಹುಚ್ಚನನ್ನು ಶಿಕ್ಷಿಸುವರಾರು? ಕೇಳಿದ ಜನರ ಅಭಿಮಾನ ಕೆರಳಿತು, ಕಟ್ಟಳೆ ರದ್ದಾಯಿತು, ಕೊನೆಗೆ ದ್ವೀಪವೂ ಕೈವಶವಾಯಿತು.

ಕ್ರಿ. ಪೂ. 594ರಲ್ಲಿ ಸೋಲನನು ಆರ್ಕನ್ ಆಗಿ ಆರಿಸಲ್ಪಟ್ಟನು. ಕಾನೂನನ್ನು ಹೊಸದಾಗಿ ರೂಪಿಸುವ ಪೂರ್ಣ ಅಧಿಕಾರವೂ ಅವನಿಗೆ ದೊರೆಯಿತು. ತಮ್ಮ ಕುಲದವನೆಂದು ಶ್ರೀಮಂತರು ಅವನನ್ನು ನಂಬಿದರು. ಪ್ರಾಮಾಣಿಕನೆಂದು ಬಡವರು ನಂಬಿದರು. ಶ್ರೀಮಂತರ ಆಸೆ, ಇದ್ದುದು ಇದ್ದಂತೆಯೇ ಉಳಿಯಲಿ ಎಂಬುದು. ಬಡವರ ಆಸೆ, ನೆಲವೆಲ್ಲವೂ ಸಮನಾಗಿ ಹಂಚಿಕೆಯಾಗಲಿ ಎಂಬುದು.

ಅವನು ಮೊದಲು ಕೈಯಿಟ್ಟದ್ದು ಸಾಲಕ್ಕೆ. ಒತ್ತೆಯ ಸಾಲಗಳನ್ನು ರದ್ದುಮಾಡಿದನು. ಇನ್ನು ಮುಂದೆ ಅಥೆನ್ಸಿನ ಯಾವ ಪೌರನೂ ಸಾಲಕ್ಕಾಗಿ ತನ್ನ ದೇಹವನ್ನು ಒತ್ತೆಯಿಡಕೂಡದು, ಯಾರೂ ಹಾಗೆ ಒತ್ತೆ ಹಿಡಿಯಕೂಡದು ಎಂದು ವಿಧಿಸಿದನು. ಹೊಲಗಳಲ್ಲಿ ನಿಂತಿದ್ದ ಕಲ್ಲುಗಳನ್ನು ಕೀಳಿಸಿದನು. ಈ ಕ್ರಮಕ್ಕೆ ಜನರು ಇಟ್ಟ ಹೆಸರಿನ ಅರ್ಥ, ಹೊರೆಯನ್ನು ಕೊಡವಿಹಾಕುವುದು ಎಂದು. ಪರದೇಶಗಳಿಗೆ ಮಾರಾಟವಾಗಿ ಹೋಗಿದ್ದವರಲ್ಲಿ ಅನೇಕರನ್ನು ಹುಡುಕಿಸಿ ಬಿಡಿಸಿ ಕರೆತಂದನು. ಊರೂರು ಅಲೆದು ತಾಯ್ನುಡಿಯನ್ನೇ ಮರೆತಿದ್ದವರು ಅವರಲ್ಲಿದ್ದರೆಂದು ಸೋಲನನು ತನ್ನ ಪದ್ಯವೊಂದರಲ್ಲಿ ಸ್ಮರಿಸಿದ್ದಾನೆ. ಎಷ್ಟು ವರ್ಷಗಳ ದಾಸ್ಯವಿರಬೇಕು, ಮಾತು ಮರೆತುಹೋಗಲು! ಈ ಪದ್ಯಗಳಲ್ಲಿ ಹಲವು ಸಾಲುಗಳು, ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ರಾಜ್ಯಾಂಗವನ್ನು ಕುರಿತ ಗ್ರಂಥದಲ್ಲಿ ಉಳಿದುಬಂದಿವೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥವು ಈಜಿಪ್ಟಿನಿಂದ ಬಂದ ಪಪೈರಸ್ ಸುರುಳಿಗಳಲ್ಲಿ ದೊರೆತು 1891ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಈ ಸತ್ಕಾರ್ಯಕ್ಕೂ ಒಂದು ಕಳಂಕ ಅಂಟಿತು. ಸಾಲ ರದ್ದಾಗುವ ಸುಳಿವನ್ನು ಸೋಲನನು ಕೆಲವು ಗೆಳೆಯರಿಗೆ ಮೊದಲೇ ತಿಳಿಸಿದ್ದನಂತೆ. ಅವರು ಒಡನೆಯೇ ದೊಡ್ಡ ಮೊತ್ತದ ಸಾಲ ತಂದು ನೆಲ ಕೊಂಡರು. ಕಾನೂನು ಬಂದಾಗ ನೆಲ ಉಳಿಯಿತು, ಸಾಲ ಅಳಿಯಿತು. ಸೋಲನನೂ ಇದರಲ್ಲಿ ಪಾಲುಗಾರನೆಂದು ಜನ ಆಡಿಕೊಂಡರು. ಆದರೆ ತನಗೆ ಬರಬೇಕಾಗಿದ್ದ ಐದು ಟ್ಯಾಲೆಂಟ್ ಹಣವನ್ನು ಅವನೇ ಎಲ್ಲರಿಗಿಂತ ಮೊದಲು ಬಿಟ್ಟುಕೊಟ್ಟನೆಂದು ತಿಳಿದಾಗ ಆ ಅಪವಾದ ಅಡಗಿತು.

ಮುಂದಿನದು ಅಧಿಕಾರದ ಪ್ರಶ್ನೆ. ಸೋಲನನು ಪೌರರನ್ನು ಅವರವರ ಹುಟ್ಟುವಳಿಗೆ ಅನುಸಾರವಾಗಿ ನಾಲ್ಕು ವರ್ಗಗಳಾಗಿ ಎಣಿಸಿದನು. ಅಳತೆಗೋಲು ಮೆಡಿಮ್ನಸ್, ನಮ್ಮ ಕೊಳಗ, ಖಂಡುಗಗಳಂತೆ ಅದೊಂದು ಧಾನ್ಯದ ಅಳತೆ, ಸುಮಾರು 52 ಲೀಟರುಗಳಷ್ಟು. ವರ್ಷಕ್ಕೆ 500 ಅಳತೆ ಬೆಳೆಯುವವರು ಮೊದಲನೆಯ ವರ್ಗ; 300 ಅಳತೆಯವರು, ಎಂದರೆ ಕುದುರೆ ಸಾಕಬಲ್ಲವರು, ಎರಡನೆಯ ವರ್ಗ; 200 ಅಳತೆಯವರು ಮೂರನೆಯ ವರ್ಗ; ಉಳಿದ ಕೂಲಿಕಾರರೆಲ್ಲ ನಾಲ್ಕನೆಯ ವರ್ಗ. ಉನ್ನತ ಪದವಿಗಳು ಮೇಲಿನವರಿಗೆ; ಕಡೆಯ ವರ್ಗದವರಿಗೆ ಯಾವ ಪದವಿಯೂ ಇಲ್ಲ. ಇದೆಂತಹ ನ್ಯಾಯವೆಂದು ಇಂದಿನ ನಮಗೆ ತೋರಬಹುದು. ಆದರೆ ಹುಟ್ಟು ಬದಲಾಗದು, ಹುಟ್ಟುವಳಿ ಬದಲಾಗಬಹುದು. ನಿನ್ನೆಯವರೆಗೆ ತಾತಮುತ್ತಾತಂದಿರ ಹೆಸರು ಕೇಳುತ್ತಿದ್ದ ಬಾಗಿಲು, ಇನ್ನು ಕಣಜದ ಅಳತೆಯನ್ನು ಮಾತ್ರ ಕೇಳತೊಡಗಿತು.

ಕೂಲಿಕಾರನಿಗೂ ಎರಡು ಸ್ಥಾನಗಳು ಲಭಿಸಿದುವು. ಅವನು ಜನಸಭೆಯಲ್ಲಿ ಕುಳಿತು ಮತ ಕೊಡಬಹುದು. ಜನರೇ ತೀರ್ಪುಗಾರರಾಗಿ ಕೂಡುವ ನ್ಯಾಯಸಭೆಯಲ್ಲಿಯೂ ಕೂಡಬಹುದು. ಅಧಿಕಾರಿಯ ತೀರ್ಪು ಒಪ್ಪಿಗೆಯಾಗದವರು ಆ ನ್ಯಾಯಸಭೆಯ ಮುಂದೆ ಮೊರೆಯಿಡಬಹುದು. ಅನ್ಯಾಯಕ್ಕೊಳಗಾದವನು ದುರ್ಬಲನಾಗಿದ್ದರೆ ಅವನ ಪರವಾಗಿ ಬೇರೆ ಯಾವ ಪೌರನಾದರೂ ಮೊಕದ್ದಮೆ ಹೂಡಬಹುದೆಂಬ ನಿಯಮವೂ ಬಂದಿತು. ಮೊದಮೊದಲು ಇದೊಂದು ಅಲ್ಪ ಸೌಲಭ್ಯವೆಂದೇ ಶ್ರೀಮಂತರಿಗೆ ಕಂಡಿರಬೇಕು. ಕಾಲಕ್ರಮದಲ್ಲಿ ವ್ಯಾಜ್ಯಗಳೆಲ್ಲವೂ ಆ ಸಭೆಗೇ ಬಂದು ಮುಟ್ಟಿದಾಗ, ಬಡವರು ರಾಜ್ಯದ ಯಜಮಾನರಾದರು.

ಅವನ ಇತರ ಕಾನೂನುಗಳು ಹಲವು. ಕೊಲೆಯ ವಿಷಯವೊಂದನ್ನುಳಿದು ಡ್ರಾಕೋವಿನ ಕಟ್ಟಳೆಗಳೆಲ್ಲ ರದ್ದಾದುವು. ಆಲಿವ್ ಎಣ್ಣೆಯ ಹೊರತು ಬೇರೆ ಬೆಳೆ ಹೊರನಾಡಿಗೆ ಹೋಗಕೂಡದೆಂದಾಯಿತು. ಮಗನಿಗೆ ಒಂದು ಕಸುಬು ಕಲಿಸದ ತಂದೆಯನ್ನು ಮುಪ್ಪಿನಲ್ಲಿ ಸಾಕುವ ಹೊಣೆ ಮಗನಿಗಿಲ್ಲ ಎಂಬುದು ಇನ್ನೊಂದು. ಊರು ಎರಡು ಪಕ್ಷಗಳಾಗಿ ಕಾದಾಡುವಾಗ ಯಾವ ಪಕ್ಷವನ್ನೂ ಸೇರದೆ ಸುಮ್ಮನಿದ್ದವನು ಪೌರತ್ವವನ್ನು ಕಳೆದುಕೊಳ್ಳಬೇಕೆಂಬ ಕಾನೂನಂತೂ ಪ್ಲೂಟಾರ್ಕನಿಗೂ ವಿಚಿತ್ರವಾಗಿ ಕಂಡಿತು. ಇವೆಲ್ಲವನ್ನೂ ತಿರುಗುವ ಮರದ ಹಲಗೆಗಳ ಮೇಲೆ ಬರೆಸಿ, ಎಲ್ಲರೂ ಓದುವಂತೆ ಇರಿಸಿದರು. ಸ್ತ್ರೀಯರಿಗಾಗಲಿ, ಹೊರನಾಡುಗಳಿಂದ ಕೊಂಡುತಂದ ದಾಸರಿಗಾಗಲಿ ಈ ವ್ಯವಸ್ಥೆಯಲ್ಲಿ ಪಾಲಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಫಲಿತಾಂಶವೇನಾಯಿತು? ಎರಡು ಕಡೆಯವರೂ ಮುನಿದರು. ಸಾಲದ ಹಣ ಹೋಯಿತೆಂದು ಶ್ರೀಮಂತರ ಕೋಪ. ನೆಲ ಹಂಚಲಿಲ್ಲವೆಂದು ಬಡವರ ಕೋಪ. ಸೈನ್ಯವನ್ನು ಕೂಡಿಸಿಕೊಂಡು ಸರ್ವಾಧಿಕಾರಿಯಾಗಿಬಿಡೆಂದು ಗೆಳೆಯರು ಪ್ರೇರೇಪಿಸಿದರು. ಗ್ರೀಸಿನ ಹಲವು ನಗರಗಳಲ್ಲಿ ಆಗ ಹಾಗೆಯೇ ನಡೆದಿತ್ತು. ಸೋಲನನು ಒಪ್ಪಲಿಲ್ಲ, ಬಲೆಗೆ ಬಿದ್ದ ಮೀನನ್ನು ಎಳೆದುಕೊಳ್ಳಲಾರದ ದಡ್ಡನೆಂದು ನಗೆಗೀಡಾದನು. ಹಗಲಿರುಳೂ ಜನರು ಮನೆಗೆ ಬಂದು ಈ ಕಾನೂನನ್ನು ಬದಲಿಸು, ಆ ಕಾನೂನಿನ ಅರ್ಥ ಹೇಳು ಎಂದು ಪೀಡಿಸಲಾಗಿ, ಅವನು ಹತ್ತು ವರ್ಷಗಳ ಕಾಲ ದೇಶಾಂತರ ಹೊರಟನು.

ಈಜಿಪ್ಟನ್ನೂ ಸೈಪ್ರಸ್ಸನ್ನೂ ಕಂಡನು. ಲಿಡಿಯದ ದೊರೆ ಕ್ರೀಸಸನು ತನ್ನ ಭಂಡಾರವನ್ನು ತೋರಿಸಿ, ಲೋಕದಲ್ಲಿ ಅತ್ಯಂತ ಸುಖಿಯಾರೆಂದು ಕೇಳಿದಾಗ, ಸೋಲನನು ಟೆಲಸ್ ಎಂಬ ಅಥೆನ್ಸಿನ ಸಾಮಾನ್ಯ ಪೌರನನ್ನು ಹೆಸರಿಸಿದನೆಂದು ಹೆರೊಡೋಟಸನು ಹೇಳುತ್ತಾನೆ. ಕ್ರೀಸಸನು ಪಟ್ಟಕ್ಕೆ ಬಂದುದು 560ರ ಸುಮಾರಿನಲ್ಲಾದುದರಿಂದ ಈ ಭೇಟಿಯನ್ನು ಇತಿಹಾಸಕಾರರು ಸಂದೇಹಿಸುತ್ತಾರೆ.

ಮರಳಿ ಬಂದ ಸೋಲನನು ಕಂಡದ್ದು ಒಡೆದ ಊರನ್ನು. ಬಯಲಿನವರು, ಕರಾವಳಿಯವರು, ಬೆಟ್ಟದವರು ಎಂದು ಮೂರು ಪಂಗಡಗಳಾಗಿದ್ದುವು. ಬೆಟ್ಟದ ಬಡವರ ಮುಖಂಡ ಪೈಸಿಸ್ಟ್ರೇಟಸನು ಸೋಲನನ ಬಂಧು. ಒಂದು ದಿನ ಅವನು ತನ್ನ ಮೈಗೆ ತಾನೇ ಗಾಯ ಮಾಡಿಕೊಂಡು ಪೇಟೆಗೆ ಬಂದು, ವೈರಿಗಳು ಕೊಲ್ಲಲು ಬಂದರೆಂದು ಗೋಳಿಟ್ಟನು. ಮರುಗಿದ ಜನರು ಅವನಿಗೆ ದೊಣ್ಣೆ ಹಿಡಿದ ಅಂಗರಕ್ಷಕರನ್ನು ಕೊಟ್ಟರು. ಮೋಸವಿದೆಂದು ಮುದುಕನಾದ ಸೋಲನನು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಕ್ರಿ. ಪೂ. 561ರ ಸುಮಾರಿನಲ್ಲಿ ಪೈಸಿಸ್ಟ್ರೇಟಸನು ಕೋಟೆಯನ್ನು ಹಿಡಿದು ಸರ್ವಾಧಿಕಾರಿಯಾದನು. ಸೋಲನನು ತನ್ನ ಆಯುಧಗಳನ್ನು ತಂದು ಬಾಗಿಲ ಹೊರಗೆ ಇರಿಸಿದನು. ನಾಡಿಗಾಗಿ ತನ್ನಿಂದಾದುದನ್ನು ತಾನು ಮಾಡಿದೆನೆಂಬುದು ಅದರ ಅರ್ಥ. ಊರು ಬಿಟ್ಟು ಓಡೆಂದವರ ಮಾತನ್ನು ಅವನು ಕೇಳಲಿಲ್ಲ. ಕೆಲಕಾಲದ ಮೇಲೆ ತೀರಿಕೊಂಡನು. ಅವನ ಚಿತಾಭಸ್ಮವನ್ನು ಸಾಲಮಿಸ್ ದ್ವೀಪದಲ್ಲಿ ಚೆಲ್ಲಿದರೆಂಬ ಐತಿಹ್ಯವೂ ಉಂಟು.

ಪೈಸಿಸ್ಟ್ರೇಟಸನು ಸೋಲನನ ಕಾನೂನುಗಳಲ್ಲಿ ಹೆಚ್ಚಿನವನ್ನು ಹಾಗೆಯೇ ಉಳಿಸಿಕೊಂಡನು. ಸರ್ವಾಧಿಕಾರಿಯಾಗಿದ್ದಾಗಲೇ ಒಮ್ಮೆ ಅವನ ಮೇಲೆ ಕೊಲೆಯ ಆಪಾದನೆ ಬಂದು, ಆರಿಯೋಪಾಗಸ್ ಸಭೆಯಿಂದ ಕರೆ ಹೋಯಿತು. ಅವನು ಇತರರಂತೆ ತಾನೇ ನಡೆದುಬಂದು ಸಭೆಯ ಮುಂದೆ ನಿಂತನು. ದೂರು ಕೊಟ್ಟವನು ಮಾತ್ರ ಆ ದಿನ ಬರಲಿಲ್ಲ.